ಮನೆಯಲ್ಲಿ ಮಾಡಿದ ಬಿಯರ್ ಹುದುಗಿ ಮುಗಿಯಿತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ ಮನೆಯಲ್ಲೇ ಬಿಯರ್ ಮಾಡಲು ಶುರುಮಾಡಿದ ಕನ್ನಡಿಗರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಯಾವುದು, ಹಾಪ್ಸ್ (ಕಹಿಗೆ, ಪರಿಮಳಕ್ಕೆ ಹಾಕುವ ಹೂ) ಎಷ್ಟು ಎಂದು ಕೇಳುವುದು ಕಡಿಮೆ. ಅದೆಲ್ಲ ಕಿಟ್‌ನ ಜೊತೆ ಬರುವ ಹಾಳೆಯಲ್ಲಿ ಇರುತ್ತದೆ. ಯೀಸ್ಟ್ ಹಾಕಿ ವಾರ ಕಳೆದ ಮೇಲೆ ಬಕೆಟ್ ಮುಂದೆ ನಿಂತಾಗ ಏಳುವ ಪ್ರಶ್ನೆಯೇ ಬೇರೆ: ಇದು ಮುಗಿಯಿತೋ, ಇನ್ನೂ ಇದೆಯೋ? ಇದಕ್ಕೆ ಸರಿಯಾದ ಉತ್ತರ ತಿಳಿದಿರಲೇಬೇಕು. ರುಚಿಯಷ್ಟೇ ಅಲ್ಲ, ಬಾಟಲಿ ಮುಟ್ಟುವವರ ಕೈ, ಕಣ್ಣು ಕೂಡ ಇದರ ಮೇಲೆ ನಿಂತಿವೆ.

ಏರ್‌ಲಾಕ್‌ನಲ್ಲಿ ಗುಳ್ಳೆ ಬರುವುದು ನಿಂತಿದೆ. ಮುಗಿದಂತೆಯೇ ಅಲ್ಲವೇ?

ಅಲ್ಲ. ಮುಚ್ಚಳಕ್ಕೆ ಸಿಕ್ಕಿಸುವ, ನೀರು ತುಂಬಿದ ಈ ಏರ್‌ಲಾಕ್ ಇರುವುದು ಒಳಗಿನ ಅನಿಲ ಹೊರಗೆ ಹೋಗಲಿ, ಹೊರಗಿನ ಗಾಳಿ ಒಳಗೆ ಬಾರದಿರಲಿ ಎಂಬುದಕ್ಕೆ. ಅದು ಅಳತೆಯ ಸಾಧನವಲ್ಲ. ಬಕೆಟ್ಟಿನ ಮುಚ್ಚಳ ಒಂದು ಕಡೆ ಸರಿಯಾಗಿ ಕೂರದಿದ್ದರೆ ಸಾಕು, ಕಾರ್ಬನ್ ಡೈಆಕ್ಸೈಡ್ ಆ ಸಂದಿಯಿಂದಲೇ ಹೊರಟುಹೋಗುತ್ತದೆ. ಒಳಗೆ ಯೀಸ್ಟ್ ಭರದಿಂದ ಕೆಲಸ ಮಾಡುತ್ತಿದ್ದರೂ ಏರ್‌ಲಾಕ್ ಸುಮ್ಮನಿರುತ್ತದೆ.

ತಿರುಗಿಸಿ ನೋಡಿದರೂ ಅಷ್ಟೇ. ಹುದುಗಿ ಮುಗಿದ ಬಿಯರ್‌ನಲ್ಲಿ ಕರಗಿದ ಅನಿಲ ಸಾಕಷ್ಟು ಉಳಿದಿರುತ್ತದೆ. ಮಧ್ಯಾಹ್ನ ಕೋಣೆ ಎರಡು ಡಿಗ್ರಿ ಬೆಚ್ಚಗಾದರೆ, ಹವಾಮಾನ ಬದಲಾಗಿ ಗಾಳಿಯ ಒತ್ತಡ ಇಳಿದರೆ, ಬಕೆಟ್ಟನ್ನು ಯಾರಾದರೂ ಅಲುಗಿಸಿದರೆ ಆ ಅನಿಲ ಬಿಡುಗಡೆಯಾಗಿ ಮತ್ತೆ ಗುಳ್ಳೆ ಏಳುತ್ತದೆ. ಹಾಗಾಗಿ "ನಿಮಿಷಕ್ಕೆ ಒಂದು ಗುಳ್ಳೆಗಿಂತ ಕಡಿಮೆಯಾದರೆ ಬಾಟಲಿಗೆ ಹಾಕಿ" ಎಂಬ ಹಳೆಯ ಸೂತ್ರವನ್ನು ಬಿಟ್ಟುಬಿಡಿ.

ನೊರೆ ಇಳಿದು ಬಿಯರ್ ತಿಳಿಯಾಗುತ್ತಿದೆ. ಅದೂ ಗುರುತಲ್ಲವೇ?

ಗುರುತು ಹೌದು, ತೀರ್ಪಲ್ಲ. ಮೇಲೆ ದಪ್ಪಗೆ ಕಟ್ಟಿದ ನೊರೆ ಕುಸಿದು ಬಕೆಟ್ಟಿನ ಒಳಗೋಡೆಗೆ ಕಂದು ಬಣ್ಣದ ಪಟ್ಟಿ ಅಂಟಿಕೊಂಡಿದ್ದರೆ ಭರಾಟೆಯ ಹಂತ ಕಳೆಯಿತು ಎಂದರ್ಥ. ಆದರೆ ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್ ಆದ ಇಂಗ್ಲಿಷ್ ಏಲ್‌ಗಳಿಗೆ ಬಳಸುವ ಕೆಲವು ಯೀಸ್ಟ್‌ಗಳು ಬೇಗನೆ ಗುಂಪುಕಟ್ಟಿ ತಳಕ್ಕೆ ಇಳಿಯುತ್ತವೆ. ಮೇಲೆ ಬಿಯರ್ ತಿಳಿಯಾಗಿ ಕಂಡರೂ ತಿನ್ನಬೇಕಾದ ಸಕ್ಕರೆ ಇನ್ನೂ ಉಳಿದಿರಬಹುದು. ಇದಕ್ಕೆ ಪೂರ್ತಿ ವಿರುದ್ಧವಾಗಿ, ಗೋಧಿ ಬಿಯರ್ ಮುಗಿದ ಎಷ್ಟೋ ದಿನಗಳ ಮೇಲೂ ಮಬ್ಬಾಗಿಯೇ ಇರುತ್ತದೆ.

ಹಾಗಾದರೆ ಯಾವುದನ್ನು ನಂಬುವುದು?

ಹೈಡ್ರೋಮೀಟರನ್ನು. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸಿ ನೋಡುವುದನ್ನು ಕಂಡಿದ್ದರೆ ಇದರ ತತ್ವ ನಿಮಗೆ ಆಗಲೇ ಗೊತ್ತು. ದ್ರವ ಸಾಂದ್ರವಾಗಿದ್ದಷ್ಟೂ ಗಾಜಿನ ಕೊಳವೆ ಮೇಲೆ ತೇಲುತ್ತದೆ, ತೆಳುವಾದಷ್ಟೂ ಕೆಳಗೆ ಇಳಿಯುತ್ತದೆ. ನೀರಿನಲ್ಲಿ ಅದು 1.000 ತೋರಿಸಬೇಕು. ಮಾಲ್ಟಿನ ಸಕ್ಕರೆ ಕರಗಿದ, ಇನ್ನೂ ಹುದುಗದ ವರ್ಟ್ ಎಂಬ ದ್ರವದಲ್ಲಿ 1.050ರ ಆಸುಪಾಸು ತೋರಿಸುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಅನಿಲವಾಗಿ ಬದಲಾಯಿಸಿದಂತೆ ಅಂಕಿ ಇಳಿಯುತ್ತಾ 1.010ರ ಹತ್ತಿರಕ್ಕೆ ಬರುತ್ತದೆ. ಈ ಅಂಕಿಗೆ ಬಿಯರ್ ಮಾಡುವವರು ಗ್ರ್ಯಾವಿಟಿ ಎನ್ನುತ್ತಾರೆ. ಕೊನೆಯ ಮೂರು ಅಂಕಿಗಳನ್ನು ಪಾಯಿಂಟ್ ಎಂದು ಎಣಿಸುವುದು ವಾಡಿಕೆ: 1.050 ಎಂದರೆ 50 ಪಾಯಿಂಟ್.

ಇದು ಹೊಸ ಕಾಲದ ಉಪಕರಣವೇನಲ್ಲ. ಇಂಗ್ಲೆಂಡಿನ ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲೇ ಬಿಯರ್ ತಯಾರಿಕೆಯಲ್ಲಿ ಇಂಥ ಅಳತೆಯ ಬಳಕೆಯನ್ನು ವಿವರಿಸಿ ಬರೆದಿದ್ದ. ಅದಕ್ಕೂ ಮೊದಲು ಬಹುಮಟ್ಟಿಗೆ ಮಾಡುವವನ ನಾಲಿಗೆ, ಅನುಭವಗಳೇ ಆಧಾರ. ಇವತ್ತು ಕೆಲವೇ ಡಾಲರ್‌ಗೆ ಸಿಗುವ ಗಾಜಿನ ಕೊಳವೆಯೊಂದು ಆ ಊಹೆಯನ್ನೆಲ್ಲ ತಪ್ಪಿಸುತ್ತದೆ. ಹೊಸಬರು ಬೇರೆ ಯಾವ ಉಪಕರಣಕ್ಕೂ ಮೊದಲು ಇದನ್ನು ಕೊಳ್ಳಬೇಕು. ಎರಡು ಕೊಂಡರೆ ಇನ್ನೂ ಒಳ್ಳೆಯದು, ಗಾಜು ಒಡೆಯುವುದು ಬಾಟಲಿಗೆ ಹಾಕುವ ದಿನವೇ.

ಎಷ್ಟು ಸಲ ನೋಡಬೇಕು? ಎಷ್ಟು ದಿನ ಬಿಟ್ಟು?

ನೊರೆ ಇಳಿದ ಮೇಲೆ ಒಂದು ಸಲ. ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ. ಎರಡೂ ಅಂಕಿ ಒಂದೇ ಇದ್ದು, ಆ ಅಂಕಿ ನಿಮ್ಮ ಯೀಸ್ಟಿಗೂ ಪಾಕವಿಧಾನಕ್ಕೂ ತಕ್ಕ ಜಾಗದಲ್ಲಿದ್ದರೆ ಮುಗಿದಿದೆ.

ಹೆಚ್ಚಿನವರು ಮೊದಲ ಅರ್ಧವನ್ನು ನೆನಪಿಟ್ಟು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಅಂಕಿ ನಿಂತಿದ್ದರೆ ಸಾಲದು, ನಿಲ್ಲಬೇಕಾದಲ್ಲಿ ನಿಂತಿರಬೇಕು. 1.024ರಲ್ಲಿ ವಾರವಿಡೀ ಅಲುಗದೆ ನಿಂತ ಬಿಯರ್ ಮುಗಿದದ್ದಲ್ಲ, ಮುಷ್ಕರ ಹೂಡಿದ್ದು. ಅದನ್ನು ಬಾಟಲಿಗೆ ಹಾಕಿದರೆ ಒಳಗಿನ ಯೀಸ್ಟ್ ಯಾವ ಬೆಚ್ಚನೆಯ ದಿನದಲ್ಲಾದರೂ ಮತ್ತೆ ಎದ್ದೀತು.

ಒಂದೇ ದಿನ ಬಿಟ್ಟು ನೋಡಿದರೂ ಸಾಲದು. ಯೀಸ್ಟ್ ಮೊದಲು ಗ್ಲೂಕೋಸ್‌ನಂಥ ಸರಳ ಸಕ್ಕರೆಗಳನ್ನು ತಿನ್ನುತ್ತದೆ. ಆಮೇಲೆ ವರ್ಟ್‌ನ ಸಕ್ಕರೆಯಲ್ಲಿ ದೊಡ್ಡ ಪಾಲಾದ ಮಾಲ್ಟೋಸ್. ಎಲ್ಲಕ್ಕಿಂತ ಕೊನೆಗೆ ಮಾಲ್ಟೋಟ್ರಯೋಸ್. ಈ ಕೊನೆಯದು ನಿಧಾನ. ದಿನಕ್ಕೆ ಒಂದು ಪಾಯಿಂಟಿಗಿಂತಲೂ ಕಡಿಮೆ ಇಳಿಯುತ್ತಿದ್ದರೆ ಒಂದು ದಿನದ ಅಂತರದಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಹೈಡ್ರೋಮೀಟರನ್ನು ಸರಿಯಾಗಿ ಓದುವುದು ಹೇಗೆ?

ಮಾದರಿ ತೆಗೆಯುವ ಕೊಳವೆ, ನಲ್ಲಿ, ಲೋಟ ಎಲ್ಲಕ್ಕೂ ಸ್ಯಾನಿಟೈಸರ್ ಹಾಕಿ. ಸುಮಾರು 100 ಮಿಲಿಲೀಟರ್ ಸಾಕು. ಅದನ್ನು ಎರಡು ಲೋಟಗಳ ನಡುವೆ ಐದಾರು ಸಲ ಎತ್ತಿ ಹುಯ್ಯಿರಿ, ಗ್ಯಾಸ್ ಹೋಗಬೇಕು. ಇಲ್ಲದಿದ್ದರೆ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲಕ್ಕೆತ್ತುತ್ತವೆ, ಅಂಕಿ ಹೆಚ್ಚು ಕಾಣುತ್ತದೆ. ಮುಳುಗಿಸಿದ ಮೇಲೆ ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡಿ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಅಂಚಿನಲ್ಲಿ ಏರಿ ನಿಂತ ಗೆರೆಯನ್ನು ಬಿಟ್ಟು ನಡುವಿನ ಸಮತಟ್ಟಾದ ಗೆರೆಯನ್ನು ಓದಿ.

ಬಿಸಿ ಇದ್ದರೆ ಲೆಕ್ಕ ತಪ್ಪುತ್ತದೆ. ಹೈಡ್ರೋಮೀಟರ್‌ಗಳನ್ನು ಸಾಮಾನ್ಯವಾಗಿ 15.6 ಇಲ್ಲವೇ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ, ಯಾವುದಕ್ಕೆ ಎಂದು ಒಳಗಿನ ಕಾಗದದಲ್ಲೇ ಬರೆದಿರುತ್ತದೆ. 20ಕ್ಕೆ ಹೊಂದಿಸಿದ್ದನ್ನು 30 ಡಿಗ್ರಿಯಲ್ಲಿ ಓದಿದರೆ ನಿಜಕ್ಕಿಂತ ಎರಡು ಮೂರು ಪಾಯಿಂಟ್ ಕಡಿಮೆ ತೋರಿಸುತ್ತದೆ. ತಣಿಸಿ ಓದುವುದೇ ಸುಲಭ.

ಹೊಸದಾಗಿ ಕೊಂಡದ್ದನ್ನು ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಟ್ಟು ನೋಡಿ. 1.002 ತೋರಿಸಿದರೆ ಎಸೆಯಬೇಕಿಲ್ಲ, ಮುಂದೆ ಪ್ರತಿ ಸಲವೂ ಎರಡು ಪಾಯಿಂಟ್ ಕಳೆಯಿರಿ. ಅಳೆದ ಮಾದರಿಯನ್ನು ಮಾತ್ರ ತಿರುಗಿ ಬಕೆಟ್ಟಿಗೆ ಸುರಿಯಬೇಡಿ. ಕುಡಿದು ನೋಡಿ. ಹಸಿ ಬಿಯರ್ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊನೆಯ ಅಂಕಿ ಎಷ್ಟಿರಬೇಕು? 1.000 ಏಕೆ ಆಗುವುದಿಲ್ಲ?

ಮಾಲ್ಟಿನಿಂದ ಬರುವ ಎಲ್ಲವನ್ನೂ ಯೀಸ್ಟ್ ತಿನ್ನಲಾರದು. ಡೆಕ್ಸ್‌ಟ್ರಿನ್ ಎಂಬ ದೊಡ್ಡ ಅಣುಗಳು ಹಾಗೆಯೇ ಉಳಿಯುತ್ತವೆ. ಬಿಯರ್ ಬಾಯಲ್ಲಿ ತುಂಬಿದಂತೆ ಅನ್ನಿಸುವುದಕ್ಕೆ ಅವೂ ಒಂದು ಕಾರಣ. ಎಷ್ಟು ಉಳಿಯುತ್ತದೆ ಎಂಬುದು ಯೀಸ್ಟಿನ ಮೇಲೂ, ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗಿನ ಉಷ್ಣತೆಯ ಮೇಲೂ ನಿಂತಿದೆ. 63-65 ಡಿಗ್ರಿಯಲ್ಲಿ ನೆನೆಸಿದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, 69-70ರಲ್ಲಿ ಡೆಕ್ಸ್‌ಟ್ರಿನ್ ಹೆಚ್ಚು.

ಯೀಸ್ಟಿನ ಪೊಟ್ಟಣದ ಮೇಲೆ ಅಥವಾ ಕಂಪನಿಯ ಮಾಹಿತಿ ಹಾಳೆಯಲ್ಲಿ ಶೇಕಡಾವಾರು ಅಂಕಿಯೊಂದು ಇರುತ್ತದೆ, ಅಟೆನ್ಯುಯೇಶನ್ ಎಂದು: ಮೊದಲಿದ್ದ ಪಾಯಿಂಟ್‌ಗಳಲ್ಲಿ ಯೀಸ್ಟ್ ಎಷ್ಟು ಪಾಲು ಇಳಿಸುತ್ತದೆ ಎಂಬುದು. ಫರ್ಮೆಂಟಿಸ್ ಕಂಪನಿಯ ಯುಎಸ್-05 ಎಂಬ ಯೀಸ್ಟಿಗೆ ಅದು 78ರಿಂದ 82. ನಿಮ್ಮ ವರ್ಟ್ 1.052ರಲ್ಲಿ ಶುರುವಾಗಿದ್ದರೆ 52 ಪಾಯಿಂಟ್‌ಗಳಲ್ಲಿ ಶೇ. 80 ಹೋಗಿ ಹತ್ತು ಉಳಿಯುತ್ತದೆ, ಅಂದರೆ 1.010. ಶೇ. 75 ತಿನ್ನುವ ಯೀಸ್ಟಾದರೆ 1.013. ಇದು ಅಂದಾಜು. ಎರಡು ಮೂರು ಪಾಯಿಂಟ್ ಆಚೀಚೆ ಆದರೆ ಗಾಬರಿ ಬೇಡ.

ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ (ಬತ್ತಿಸಿದ ವರ್ಟ್‌ನಿಂದ) ಮಾಡಿದ ಬಿಯರ್‌ಗಳು ಕೆಲವೊಮ್ಮೆ 1.018-1.020ರಲ್ಲೇ ನಿಲ್ಲುವುದುಂಟು. ಕ್ರಿಸ್ಟಲ್ ಮಾಲ್ಟ್ (ಹುರಿದ ಸಿಹಿ ಮಾಲ್ಟ್) ಹೆಚ್ಚು ಹಾಕಿದರೂ ಅಂಕಿ ಮೇಲೆಯೇ ಇರುತ್ತದೆ. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರ್‌ಗೆ ಹಾಕುವ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ಮುಟ್ಟುವುದೇ ಇಲ್ಲ: 20 ಲೀಟರಿಗೆ ಅರ್ಧ ಕಿಲೋ ಹಾಕಿದರೆ ಸುಮಾರು ಒಂಬತ್ತು ಪಾಯಿಂಟ್ ಕೊನೆಯವರೆಗೂ ಉಳಿದೇ ಉಳಿಯುತ್ತದೆ. ಬೆಲ್ಲ ಅಥವಾ ಸಕ್ಕರೆ ಹಾಕಿದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಖರ್ಚಾಗುವುದರಿಂದ ಅಂಕಿ ಇನ್ನೂ ಕೆಳಗಿಳಿಯುತ್ತದೆ.

ಮೊದಲ ದಿನದ ಅಂಕಿ ಬರೆದಿಟ್ಟಿದ್ದರೆ ಆಲ್ಕೋಹಾಲ್ ಎಷ್ಟೆಂದೂ ಗೊತ್ತಾಗುತ್ತದೆ. ಎರಡು ಅಂಕಿಗಳ ವ್ಯತ್ಯಾಸವನ್ನು 131 ರಿಂದ ಗುಣಿಸಿ. 1.050ರಿಂದ 1.012ಕ್ಕೆ ಇಳಿದರೆ 0.038 ಗುಣಿಸು 131, ಸುಮಾರು ಶೇ. 5.

ಒಟ್ಟು ಎಷ್ಟು ದಿನ ಬೇಕು?

ಸಾಧಾರಣ ಏಲ್ 18-20 ಡಿಗ್ರಿಯಲ್ಲಿ ಮೂರರಿಂದ ಐದು ದಿನದಲ್ಲಿ ಬಹುಪಾಲು ಕೆಲಸ ಮುಗಿಸುತ್ತದೆ. ಆದರೂ ಎರಡು ವಾರ ಬಿಡುವುದು ಒಳ್ಳೆಯದು. ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಯೀಸ್ಟ್ 35 ಡಿಗ್ರಿಯ ಬಿಸಿಯಲ್ಲೂ ಚೆನ್ನಾಗಿ ದುಡಿದು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ಟೆಕ್ಸಸ್‌ನ ಬೇಸಿಗೆಯಲ್ಲಿ ಗ್ಯಾರೇಜ್ ಬಿಟ್ಟರೆ ಬೇರೆ ಜಾಗವಿಲ್ಲದವರಿಗೆ ಅದು ವರ. ತಣ್ಣಗೆ ಹುದುಗಿಸುವ ಲಾಗರ್‌ಗೆ ವಾರಗಳ ಲೆಕ್ಕ. ಕ್ಯಾಲೆಂಡರ್ ನೋಡಿ ಅಳತೆ ಯಾವಾಗ ಶುರುಮಾಡಬೇಕೆಂದು ತೀರ್ಮಾನಿಸಿ, ಬಾಟಲಿಗೆ ಯಾವಾಗ ಹಾಕಬೇಕೆಂದಲ್ಲ.

ಅಂಕಿ ಮೇಲೆಯೇ ನಿಂತುಬಿಟ್ಟಿದೆ. ಏನು ಮಾಡಲಿ?

ಮೊದಲು, ನಿಜವಾಗಿ ನಿಂತಿದೆಯೇ ನೋಡಿ. ಹೈಡ್ರೋಮೀಟರ್ ಸರಿಯಿದೆಯೇ, ಮಾದರಿ ಬಿಸಿಯಿತ್ತೇ, ಪಾಕದಲ್ಲಿ ಲ್ಯಾಕ್ಟೋಸ್ ಇತ್ತೇ?

ನಿಜವಾಗಿ ನಿಂತಿದ್ದರೆ ಮೊದಲ ಅನುಮಾನ ಚಳಿಯ ಮೇಲೆ. ಹುದುಗುವಾಗ ಬಿಯರ್ ತಾನೇ ಶಾಖ ಹುಟ್ಟಿಸುತ್ತದೆ, ಭರಾಟೆಯ ದಿನಗಳಲ್ಲಿ ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಭರಾಟೆ ಇಳಿದೊಡನೆ ತಣ್ಣಗಾಗುತ್ತದೆ, ಆ ಇಳಿತಕ್ಕೆ ಯೀಸ್ಟ್ ಮಲಗಿಬಿಡುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ರಾತ್ರಿ ಹೀಟಿಂಗ್ ಆರಿಸುವ ಮನೆಗಳಲ್ಲಿ ಇದು ಸಾಮಾನ್ಯ. ಬಕೆಟ್ಟನ್ನು 20-22 ಡಿಗ್ರಿ ಇರುವ ಜಾಗಕ್ಕೆ ತಂದು, ಮುಚ್ಚಳ ತೆಗೆಯದೆ ಮೆಲ್ಲಗೆ ತೂಗಾಡಿಸಿ ತಳದ ಗಷ್ಟು ಏಳುವಂತೆ ಮಾಡಿ. ಗಾಳಿ ಬೆರೆಯುವಂತೆ ಕಲಕಬಾರದು. ಈ ಹಂತದಲ್ಲಿ ಆಮ್ಲಜನಕ ತಾಕಿದರೆ ಬಿಯರ್ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ. ಮೂರು ದಿನ ಬಿಟ್ಟು ಅಳೆಯಿರಿ.

ಆಗಲೂ ಅಲುಗದಿದ್ದರೆ ಹೊಸ ಯೀಸ್ಟ್ ಹಾಕಬಹುದು. ಪೊಟ್ಟಣ ಹರಿದು ನೇರವಾಗಿ ಸುರಿದರೆ ಹೆಚ್ಚಿನ ಸಲ ಪ್ರಯೋಜನವಾಗುವುದಿಲ್ಲ, ಏಕೆಂದರೆ ಅದು ಬೀಳುವುದು ಆಲ್ಕೋಹಾಲ್ ಇರುವ, ಸುಲಭದ ಸಕ್ಕರೆ ಮುಗಿದ ದ್ರವಕ್ಕೆ. ಸ್ವಲ್ಪ ವರ್ಟ್‌ನಲ್ಲಿ ಮೊದಲು ಎಬ್ಬಿಸಿ, ನೊರೆ ಕಟ್ಟಿ ಭರದಲ್ಲಿರುವಾಗಲೇ ಹಾಕಬೇಕು.

ಸೆಸೋನ್ ಎಂಬ ಬೆಲ್ಜಿಯಂ ಬಗೆಯ ಏಲ್ ಮಾಡುವವರಿಗೆ ಒಂದು ಮಾತು: ಬೆಲ್ಜಿಯಂ ಮೂಲದ ಕೆಲವು ಸೆಸೋನ್ ಯೀಸ್ಟ್‌ಗಳು 1.035ರ ಸುತ್ತ ನಿಂತುಬಿಡುವುದಕ್ಕೆ ಹೆಸರಾಗಿವೆ. ಬೆಚ್ಚಗಿಟ್ಟು ಕಾದರೆ ಮತ್ತೆ ಹೊರಡುತ್ತವೆ.

ನನ್ನ ವರ್ಟ್ ಎಲ್ಲಿಯವರೆಗೆ ಇಳಿಯಬಲ್ಲದು ಎಂದು ಮುಂಚೆಯೇ ತಿಳಿಯುವ ದಾರಿ ಇದೆಯೇ?

ಇದೆ, ಅದನ್ನು ಇನ್ನಷ್ಟು ಜನ ಮಾಡಬೇಕೆಂದು ನನ್ನ ಆಸೆ. ಯೀಸ್ಟ್ ಹಾಕುವ ದಿನ ಕಾಲು ಲೀಟರ್ ವರ್ಟ್ ಬೇರೆ ಬಾಟಲಿಗೆ ತೆಗೆದಿಡಿ. ಅದಕ್ಕೆ ಅದೇ ಯೀಸ್ಟನ್ನು ಪ್ರಮಾಣ ಮೀರಿ ಹಾಕಿ, ಬಾಯಿಗೆ ಫಾಯಿಲ್ ಸುತ್ತಿ, 25 ಡಿಗ್ರಿಗಿಂತ ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಅಲ್ಲಾಡಿಸುತ್ತಿರಿ. ಎರಡು ಮೂರು ದಿನದಲ್ಲಿ ಅದು ಪೂರ್ತಿ ಹುದುಗಿ ಮುಗಿಯುತ್ತದೆ. ಕುಡಿಯಲು ಚೆನ್ನಾಗಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅದರ ಗ್ರ್ಯಾವಿಟಿಯೇ ನಿಮ್ಮ ಬಕೆಟ್ಟಿನ ಬಿಯರ್ ತಲುಪಬಲ್ಲ ಕೊನೆ. ಪೊಟ್ಟಣದ ಅಂಕಿ ಎಲ್ಲರ ವರ್ಟಿಗೂ ಸೇರಿದ ಸರಾಸರಿ, ಇದು ನಿಮ್ಮ ವರ್ಟಿನದ್ದೇ ಉತ್ತರ. ಬಕೆಟ್ 1.017ರಲ್ಲಿ ನಿಂತಾಗ ಈ ಬಾಟಲಿಯೂ 1.017 ತೋರಿಸಿದರೆ ಚಿಂತೆ ಬಿಟ್ಟು ಬಾಟಲಿಗೆ ಹಾಕಬಹುದು. ಇದು 1.010 ತೋರಿಸಿದರೆ ಬಕೆಟ್ಟಿನಲ್ಲಿ ಏಳು ಪಾಯಿಂಟ್ ಕೆಲಸ ಬಾಕಿ.

ಮುಗಿಯುವ ಮೊದಲೇ ಬಾಟಲಿಗೆ ಹಾಕಿದರೆ ಏನಾಗುತ್ತದೆ?

ಬಾಟಲಿ ಒಡೆಯಬಹುದು. ಲೆಕ್ಕ ಹೀಗಿದೆ. ಬಿಯರ್‌ನಲ್ಲಿ ಕರಗಿದ ಅನಿಲವನ್ನು ವಾಲ್ಯೂಮ್ ಎಂದು ಅಳೆಯುತ್ತಾರೆ. ಒಂದು ಲೀಟರ್ ಬಿಯರ್‌ನಲ್ಲಿ ಎಷ್ಟು ಲೀಟರ್ ಅನಿಲ ಎಂಬುದು ಅದರ ಅರ್ಥ. ಹುದುಗಿದ ಬಿಯರ್‌ನಲ್ಲಿ 20 ಡಿಗ್ರಿಯಲ್ಲಿ ಸುಮಾರು 0.85 ವಾಲ್ಯೂಮ್ ಆಗಲೇ ಇರುತ್ತದೆ. ಬಾಟಲಿಗೆ ಹಾಕುವಾಗ, ಒಳಗೆ ಗ್ಯಾಸ್ ಹುಟ್ಟಲೆಂದು 20 ಲೀಟರಿಗೆ 115-120 ಗ್ರಾಂ ಸಕ್ಕರೆ ಬೆರೆಸಿದರೆ ಒಟ್ಟು 2.4ರ ಹತ್ತಿರ ಬರುತ್ತದೆ. ಸಾಧಾರಣ ಏಲ್‌ಗೆ ಅದು ಹಿತವಾದ ಮಟ್ಟ.

ಈಗ ಆ ಬಿಯರ್ ಇನ್ನೂ ಆರು ಪಾಯಿಂಟ್ ಇಳಿಯಬೇಕಿತ್ತು ಅಂದುಕೊಳ್ಳಿ. ಪ್ರತಿ ಪಾಯಿಂಟ್ ಸುಮಾರು ಅರ್ಧ ವಾಲ್ಯೂಮ್ ಅನಿಲ ಕೊಡುತ್ತದೆ. ಆರಕ್ಕೆ ಮೂರು. ಒಟ್ಟು 5.4. ಕೋಣೆಯ ಉಷ್ಣತೆಯಲ್ಲಿ ಬಾಟಲಿಯ ಒಳಗಿನ ಒತ್ತಡ ಮಾಮೂಲಿಗಿಂತ ಮೂರು ಪಟ್ಟು. ಸಾಧಾರಣ ಬಿಯರ್ ಬಾಟಲಿಯನ್ನು ಮೂರು, ಮೂರೂವರೆ ವಾಲ್ಯೂಮ್ ದಾಟಿಸಬಾರದು. ಒಂದು ಒಡೆದರೆ ಅದರ ಚೂರು ಪಕ್ಕದ ಬಾಟಲಿಗೆ ಬಡಿದು ಅದೂ ಒಡೆಯುತ್ತದೆ. ಹನ್ನೆರಡು ಬಾಟಲಿಯ ಪೆಟ್ಟಿಗೆಯೊಂದು ಕಪಾಟಿನ ಕೆಳಗೆ, ಮಕ್ಕಳು ಓಡಾಡುವ ಜಾಗದಲ್ಲಿ ಇದ್ದರೆ ಇದು ಎಂಥ ಅಪಾಯ ಎಂದು ಯೋಚಿಸಿ. ಒಂದು ವಾರದ ಆತುರಕ್ಕೆ ತೆರುವ ಬೆಲೆ ಇದಾಗಬಾರದು.

ಆಗಲೇ ಹಾಕಿಬಿಟ್ಟಿದ್ದೇನೆ. ಮುಚ್ಚಳ ತೆಗೆದರೆ ಬಿಯರ್ ಚಿಮ್ಮುತ್ತಿದೆ. ಈಗ?

ಉಳಿದ ಬಾಟಲಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಣ್ಣಿಗೆ ಸುರಕ್ಷಾ ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಪೆಟ್ಟಿಗೆಯ ಮೇಲೆ ದಪ್ಪ ಕಂಬಳಿ ಹೊದಿಸಿ. ಸಾಧ್ಯವಾದರೆ ಹಾಗೆಯೇ ಫ್ರಿಜ್ಜಿಗೆ ಇಡಿ. ತಣ್ಣಗಾದರೆ ಅನಿಲ ದ್ರವದಲ್ಲಿ ಹೆಚ್ಚು ಕರಗಿ ಒತ್ತಡ ಇಳಿಯುತ್ತದೆ, ಯೀಸ್ಟೂ ನಿಲ್ಲುತ್ತದೆ. ಪೂರ್ತಿ ತಣ್ಣಗಾದ ಮೇಲೆ, ಒಂದೊಂದಾಗಿ, ಬಟ್ಟೆ ಸುತ್ತಿ ಮುಚ್ಚಳ ಸಡಿಲಿಸಿ ಅನಿಲ ಬಿಡಿ. ಒಂದು ಬಾಟಲಿ ಆಗಲೇ ಒಡೆದಿದ್ದರೆ ಬಿಯರ್ ಉಳಿಸುವ ಯೋಚನೆ ಬಿಟ್ಟು, ಕೆಲವು ದಿನ ಆ ಕೋಣೆಗೆ ಯಾರೂ ಹೋಗದಂತೆ ಮಾಡಿ. ಬಿಯರ್ ಮತ್ತೆ ಮಾಡಬಹುದು.

ಹುದುಗಿ ಮುಗಿಯದ ಬಿಯರ್ ಕುಡಿದರೆ ಕಳ್ಳಬಟ್ಟಿಯಂತೆ ವಿಷವಾಗುತ್ತದೆಯೇ?

ಊರಿನಲ್ಲಿರುವ ಅಪ್ಪ ಅಮ್ಮ ಫೋನಿನಲ್ಲಿ ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ನ್ಯಾಯವಿದೆ. 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತ ಆ ತಲೆಮಾರಿಗೆ ಇನ್ನೂ ನೆನಪಿದೆ. ಅಲ್ಲಿ ಜೀವ ತೆಗೆದದ್ದು ಮೀಥೈಲ್ ಆಲ್ಕೋಹಾಲ್. ಮಾಲ್ಟಿನ ಸಕ್ಕರೆಯನ್ನು ಯೀಸ್ಟ್ ಹುದುಗಿಸಿದಾಗ ಹುಟ್ಟುವುದು ಈಥೈಲ್ ಆಲ್ಕೋಹಾಲ್. ಬಿಯರ್‌ನಲ್ಲಿ ಮೀಥೈಲ್ ಇರುವುದು ಲೆಕ್ಕಕ್ಕೆ ಬಾರದಷ್ಟು. ಇಲ್ಲಿ ಭಟ್ಟಿ ಇಳಿಸುವ ಕೆಲಸವೂ ಇಲ್ಲ. ಅರ್ಧ ಹುದುಗಿದ ಬಿಯರ್ ಸಿಹಿಯಾಗಿ, ಯೀಸ್ಟ್ ವಾಸನೆಯಿಂದ ಇರುತ್ತದೆ, ಕೆಲವರಿಗೆ ಹೊಟ್ಟೆ ಉಬ್ಬರಿಸೀತು. ವಿಷವಲ್ಲ.

ರುಚಿ ನೋಡಿ ಹೇಳಲು ಬರುವುದಿಲ್ಲವೇ?

ಬೆಳಿಗ್ಗೆ ಇಳಿಸಿದ ಸಿಹಿ ನೀರಾ ಸಂಜೆಗೆ ಹೆಂಡವಾಗುವುದನ್ನು ಬಲ್ಲವರು ನಾಲಿಗೆಯಿಂದಲೇ ಹೊತ್ತು ಹೇಳುತ್ತಾರೆ. ಬಿಯರ್‌ನಲ್ಲಿ ಅದು ಅಷ್ಟು ಸಲೀಸಲ್ಲ. ಹಾಪ್ಸ್‌ನ ಕಹಿ ಉಳಿದ ಸಿಹಿಯನ್ನು ಮುಚ್ಚುತ್ತದೆ. ಐದಾರು ಪಾಯಿಂಟ್ ಸಕ್ಕರೆ ನಾಲಿಗೆಗೆ ಸಿಗದೇ ಹೋಗಬಹುದು, ಬಾಟಲಿ ಒಡೆಯಲು ಅದು ಧಾರಾಳವಾಗಿ ಸಾಕು.

ಆದರೆ ಗ್ರ್ಯಾವಿಟಿ ಹೇಳದ ಒಂದು ವಿಷಯವನ್ನು ಮೂಗು, ನಾಲಿಗೆ ಹೇಳುತ್ತವೆ. ಸಕ್ಕರೆ ಮುಗಿದರೂ ಯೀಸ್ಟಿನ ಕೆಲಸ ಮುಗಿದಿರುವುದಿಲ್ಲ. ಹುದುಗುವಾಗ ಹುಟ್ಟಿದ ಡೈಅಸಿಟೈಲ್ ಎಂಬ ವಸ್ತು ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್‌ನಂತೆ ಮೂಗಿಗೆ ಬಡಿಯುತ್ತದೆ. ಅಸಿಟಾಲ್ಡಿಹೈಡ್ ಎಂಬುದು ಹಸಿರು ಸೇಬಿನ ವಾಸನೆ. ಇವೆರಡನ್ನೂ ಯೀಸ್ಟೇ ತಿರುಗಿ ಹೀರಿಕೊಳ್ಳಬೇಕು, ಅದಕ್ಕೆ ಕೆಲವು ದಿನ ಬೇಕು. ಅಂಕಿ ನಿಂತ ದಿನವೇ ಬಿಯರನ್ನು ತಣ್ಣಗೆ ಮಾಡಿಬಿಟ್ಟರೆ ಆ ವಾಸನೆ ಒಳಗೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ ಬಾಯಿ ಮುಚ್ಚಿ. ಒಂದನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಇಡಿ, ಇನ್ನೊಂದು ತಣ್ಣಗೇ ಇರಲಿ. ಬಿಸಿ ಮಾಡಿದ್ದನ್ನು ತಣಿಸಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್ ಆಗುವ ಮೂಲವಸ್ತು ಬಿಯರ್‌ನಲ್ಲಿ ಇನ್ನೂ ಇದೆ. ಮೂರು ದಿನ ಬೆಚ್ಚಗೆ ಬಿಟ್ಟು ಮತ್ತೆ ನೋಡಿ.

ರಿಫ್ರ್ಯಾಕ್ಟೋಮೀಟರ್ ಇದೆ. ಎರಡು ಹನಿ ಸಾಕಲ್ಲ, ಅದನ್ನೇ ಬಳಸಬಹುದೇ?

ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಕ್ಕರೆ ಅಳೆಯುವ ಸಾಧನ ಅದು. ಯೀಸ್ಟ್ ಹಾಕುವ ಮೊದಲು ಧಾರಾಳವಾಗಿ ಬಳಸಿ. ಆಮೇಲೆ ಎಚ್ಚರ ಬೇಕು. ಆಲ್ಕೋಹಾಲ್ ಬೆಳಕನ್ನು ಬೇರೆ ರೀತಿ ಬಾಗಿಸುವುದರಿಂದ ಅಂಕಿ ತುಂಬಾ ಮೇಲೆ ಕಾಣುತ್ತದೆ. 1.050ರಲ್ಲಿ ಶುರುವಾಗಿ 1.010ಕ್ಕೆ ಮುಗಿದ ಬಿಯರ್ ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಸಕ್ಕರೆಯ ಶೇಕಡಾವಾರು ಅಳತೆಯಲ್ಲಿ) 6 ಬ್ರಿಕ್ಸ್‌ಗಿಂತ ಮೇಲೆಯೇ ತೋರಿಸುತ್ತದೆ, ನೇರವಾಗಿ ಪರಿವರ್ತಿಸಿದರೆ 1.025ರ ಹತ್ತಿರ. ಇದನ್ನು ನೋಡಿ ಹುದುಗು ನಿಂತಿತೆಂದು ಗಾಬರಿಯಾದವರು ಬಹಳ. ಮೊದಲ ದಿನದ ಬ್ರಿಕ್ಸ್ ಗೊತ್ತಿದ್ದರೆ ತಿದ್ದುವ ಲೆಕ್ಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅಂಕಿ ಇಳಿಯುತ್ತಿದೆಯೇ ನಿಂತಿದೆಯೇ ಎಂದು ತಿಳಿಯಲು ಇದು ಸಾಕು. ಕೊನೆಯ ಅಂಕಿಗೆ ಹೈಡ್ರೋಮೀಟರೇ ಇರಲಿ.

ಟಿಲ್ಟ್‌ನಂಥ ತೇಲುವ ಸಾಧನಗಳು?

ಬಿಯರ್‌ನಲ್ಲೇ ತೇಲುತ್ತಾ ಫೋನಿಗೆ ಅಂಕಿ ಕಳಿಸುತ್ತವೆ. ಮುಚ್ಚಳ ತೆಗೆಯದೆ ಇಳಿತದ ರೇಖೆ ಕಾಣುವುದು ದೊಡ್ಡ ಅನುಕೂಲ. ಮೇಲೆ ಯೀಸ್ಟ್, ಹಾಪ್ಸ್ ಅಂಟಿಕೊಂಡರೆ ಕೆಲವು ಪಾಯಿಂಟ್ ತಪ್ಪಬಹುದು. ರೇಖೆ ಸಮತಟ್ಟಾದಾಗ ಗಾಜಿನ ಹೈಡ್ರೋಮೀಟರ್‌ನಿಂದ ಒಮ್ಮೆ ತಾಳೆ ನೋಡಿ.

ಡ್ರೈ ಹಾಪ್ ಮಾಡಿದ ಮೇಲೆ ಮತ್ತೆ ಗುಳ್ಳೆ ಶುರುವಾಗಿದೆ. ಯಾಕೆ?

ಡ್ರೈ ಹಾಪ್ ಎಂದರೆ ಪರಿಮಳಕ್ಕೆಂದು ಹುದುಗಿದ ಬಿಯರ್‌ಗೇ ಹಾಪ್ಸ್ ಹಾಕುವುದು. ಹಾಪ್ಸ್ ಕಾಳುಗಳು ಬೀಳುತ್ತಿದ್ದಂತೆ ಕರಗಿದ ಅನಿಲ ಏಳುವುದು ಒಂದು ಕಾರಣ, ಅದು ನಿರಪಾಯ. ಇನ್ನೊಂದು ಕಾರಣವನ್ನು ಕಡೆಗಣಿಸಬಾರದು. ಹಾಪ್ಸ್‌ನಲ್ಲಿ ಅಲ್ಪ ಪ್ರಮಾಣದ ಕಿಣ್ವಗಳಿವೆ. ಅವು ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳನ್ನು ತುಂಡರಿಸಿ ತಿನ್ನಬಲ್ಲ ಸಕ್ಕರೆ ಮಾಡಿಕೊಡುತ್ತವೆ. ಯೀಸ್ಟ್ ಮತ್ತೆ ಶುರುವಾಗುತ್ತದೆ, ಗ್ರ್ಯಾವಿಟಿ ಕೆಲವು ಪಾಯಿಂಟ್ ಇಳಿಯುತ್ತದೆ, ಹೋಗಿದ್ದ ಬೆಣ್ಣೆ ವಾಸನೆ ತಿರುಗಿ ಬರುತ್ತದೆ. ಇದಕ್ಕೆ ಈಗ ಹಾಪ್ ಕ್ರೀಪ್ ಎನ್ನುತ್ತಾರೆ. ಹೊಸ ಶೋಧವೆಂದು ಅನೇಕರು ತಿಳಿದಿದ್ದಾರೆ, ಆದರೆ ಇಂಗ್ಲೆಂಡಿನ ಹೊರೇಸ್ ಬ್ರೌನ್ ಮತ್ತು ಮಾರಿಸ್ ಎಂಬ ರಸಾಯನ ತಜ್ಞರು 1893ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಈಗಿನ ಮಬ್ಬು ಐಪಿಎಗಳಿಗೆ (ಹಾಪ್ಸ್ ಹೆಚ್ಚಿರುವ ಇಂಡಿಯಾ ಪೇಲ್ ಏಲ್) ರಾಶಿ ಹಾಪ್ಸ್ ಸುರಿಯುವುದರಿಂದ ಸಮಸ್ಯೆ ಮತ್ತೆ ಮುಂದೆ ಬಂದಿದೆ.

ಹಾಗಾಗಿ ಐಪಿಎ ಮಾಡುವವರು ಡ್ರೈ ಹಾಪ್‌ಗೆ ಮೊದಲು ತೆಗೆದ ಅಂಕಿಯನ್ನು ಕೊನೆಯದೆಂದು ಹಿಡಿಯಬಾರದು. ಹಾಪ್ಸ್ ಹಾಕಿದ ಮೇಲೆ ಎರಡು ಅಳತೆ ಹೊಸದಾಗಿ ಬೇಕು.

ಅಂದಾಜಿಗಿಂತ ಕೆಳಗೆ ಹೋಗಿದೆ, ಇನ್ನೂ ಇಳಿಯುತ್ತಲೇ ಇದೆ.

ಪೊಟ್ಟಣ ನೋಡಿ. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್‌ಗಳು ಡೆಕ್ಸ್‌ಟ್ರಿನನ್ನೂ ಒಡೆಯುವ ಕಿಣ್ವವನ್ನು ತಾವೇ ತಯಾರಿಸುತ್ತವೆ. ಬೆಲ್ ಸೆಸೋನ್‌ನಂಥ ಯೀಸ್ಟ್‌ಗಳು ಈ ಗುಂಪಿಗೆ ಸೇರಿದವು. 1.002, 1.004 ಅವುಗಳಿಗೆ ಸಹಜ, ನಿಧಾನವಾಗಿ ವಾರಗಟ್ಟಲೆ ಇಳಿಯುವುದೂ ಸಹಜ. ಇಂಥ ಬಿಯರ್‌ಗೆ ಎರಡು ದಿನದ ಬದಲು ವಾರದ ಅಂತರದ ಅಳತೆ ಇರಲಿ, ಬಾಟಲಿಯೂ ದಪ್ಪದ್ದಿರಲಿ. ಮಾಮೂಲಿ ಯೀಸ್ಟ್ ಹಾಕಿದ್ದರೂ ಹೀಗಾಗುತ್ತಿದ್ದು, ಮೇಲೆ ತೆಳುವಾದ ಪೊರೆ ಕಟ್ಟಿ ಹುಳಿ ವಾಸನೆ ಬರುತ್ತಿದ್ದರೆ ಹೊರಗಿನ ಸೂಕ್ಷ್ಮಜೀವಿ ಸೇರಿದೆ. ಅದನ್ನು ಬಾಟಲಿಗೆ ಹಾಕಬೇಡಿ.

ಲಾಗರ್‌ಗೂ ಇದೇ ನಿಯಮವೇ?

ಇದೇ, ನಡುವೆ ಒಂದು ಹಂತ ಹೆಚ್ಚು. 10-13 ಡಿಗ್ರಿಯಲ್ಲಿ ಎಲ್ಲವೂ ನಿಧಾನ, ಡೈಅಸಿಟೈಲ್ ಹೋಗುವುದೂ ನಿಧಾನ. ಮುಕ್ಕಾಲು ಪಾಲು ಇಳಿದಾಗ, ಅಂದರೆ ಇನ್ನೂ ಕೆಲವು ಪಾಯಿಂಟ್ ಬಾಕಿಯಿರುವಾಗಲೇ, 16-18 ಡಿಗ್ರಿಗೆ ಏರಿಸಿ ಮೂರ್ನಾಲ್ಕು ದಿನ ಇಡಬೇಕು. ಪೂರ್ತಿ ಮುಗಿದ ಮೇಲೆ ಏರಿಸಿದರೆ ಯೀಸ್ಟಿಗೆ ಹುರುಪು ಉಳಿದಿರುವುದಿಲ್ಲ.

ಬೇಗ ತಿಳಿಯಾಗಲಿ ಎಂದು ಫ್ರಿಜ್ಜಿನಲ್ಲಿ ಇಟ್ಟೆ. ಅಂಕಿ ನಿಂತಿದೆ.

ಚಳಿಗೆ ನಿಂತ ಅಂಕಿಯನ್ನು ಎಣಿಸಬಾರದು. 2 ಡಿಗ್ರಿಯಲ್ಲಿ ಯಾವ ಏಲ್ ಯೀಸ್ಟೂ ಕೆಲಸ ಮಾಡುವುದಿಲ್ಲ. ಹೊರಗೆ ತಂದು ಬೆಚ್ಚಗಾದ ಮೇಲೆ ಎರಡು ಅಳತೆ ತೆಗೆಯಿರಿ. ತಣ್ಣಗಾಗಿಸುವುದು ಯಾವಾಗಲೂ ಮುಗಿದ ನಂತರದ ಕೆಲಸ. ಆಗಲೂ ಏರ್‌ಲಾಕಿನ ನೀರು ಒಳಗೆ ಎಳೆದುಕೊಳ್ಳದಂತೆ ನೋಡಿಕೊಳ್ಳಿ.

ಮುಗಿದ ಮೇಲೂ ಬಿಡುವು ಸಿಗದೆ ಬಕೆಟ್ಟಿನಲ್ಲೇ ಬಿಟ್ಟರೆ ಹಾಳಾಗುತ್ತದೆಯೇ?

ಮೂರು ನಾಲ್ಕು ವಾರ ಏನೂ ಆಗುವುದಿಲ್ಲ. ಎರಡನೇ ಪಾತ್ರೆಗೆ ಬದಲಾಯಿಸಬೇಕೆಂಬ ಹಳೆಯ ಸಲಹೆಯನ್ನೂ ಸಾಧಾರಣ ಬಿಯರ್‌ಗಳಿಗೆ ಪಾಲಿಸಬೇಕಿಲ್ಲ, ಬದಲಾಯಿಸುವಾಗ ಗಾಳಿ ತಾಕುವುದೇ ಹೆಚ್ಚಿನ ನಷ್ಟ. ಅನುಮಾನವಿದ್ದರೆ ಇನ್ನೊಂದು ವಾರ ಬಿಡಿ.

ಕರ್ನಾಟಕದಲ್ಲಿರುವ ತಮ್ಮನಿಗೂ ಹೇಳಿಕೊಡಬಹುದೇ?

ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ, ಮಾರಾಟಕ್ಕಲ್ಲದ ಬಿಯರ್ ಮಾಡಲು ಅವಕಾಶವಿದೆ. ಇಂಗ್ಲೆಂಡಿನಲ್ಲಿ 1963ರಿಂದ ಮನೆ ಬಳಕೆಗೆ ಪರವಾನಗಿ ಬೇಕಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರ್ ಕೂಡ ಅದರಲ್ಲಿ ಸೇರಿದೆ. ತಮ್ಮ ನಿಮ್ಮಲ್ಲಿಗೆ ಬಂದಾಗ ಜೊತೆಗೆ ಕೂತು ಮಾಡಿ.

ಬಾಟಲಿಗೆ ಹಾಕಿದ ಮೇಲೆ ಒಳಗೆ ಗ್ಯಾಸ್ ಎಷ್ಟಾಗಿದೆ ಎಂದು ತಿಳಿಯುವುದು ಹೇಗೆ?

ಪ್ರತಿ ಬ್ಯಾಚಿನಲ್ಲೂ ಒಂದು ಬಾಟಲಿ ಪ್ಲಾಸ್ಟಿಕ್ಕಿನದ್ದಿರಲಿ, ಸೋಡಾದ ಖಾಲಿ ಬಾಟಲಿ ಚೆನ್ನಾಗಿ ತೊಳೆದರೆ ಸಾಕು. ತುಂಬಿದ ದಿನ ಒತ್ತಿದರೆ ಮೆತ್ತಗಿರುತ್ತದೆ. ಒಂದೆರಡು ವಾರದಲ್ಲಿ ಅಂಗಡಿಯ ಸೋಡಾ ಬಾಟಲಿಯಷ್ಟು ಬಿಗಿಯಾಗಬೇಕು. ಮೂರು ನಾಲ್ಕೇ ದಿನದಲ್ಲಿ ಕಲ್ಲಿನಂತೆ ಬಿಗಿದು ತಳ ಉಬ್ಬಿದ್ದರೆ ಗಾಜಿನ ಬಾಟಲಿಗಳನ್ನೆಲ್ಲ ಅದೇ ದಿನ, ಕೈಗವಸು ಕನ್ನಡಕ ಹಾಕಿಕೊಂಡು, ಫ್ರಿಜ್ಜಿಗೆ ಸೇರಿಸಿ.